ಹಳೆಯ ಕಂಬಗಳೂ ಹೊಸ ಮನೆಗಳೂ

ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳಲ್ಲಿ ಎಲ್ಲಿಯಾದರೂ ಹಳೆಯ ಮನೆಯೊಂದನ್ನು ಕೆಡಹುವರೆಂಬ ವಾರ್ತೆ ಹಬ್ಬಿದೊಡನೆ, ಆ ಮನೆಯ ಕಂಬ, ಬೋದಿಗೆ, ಬಾಗಿಲುವಾಡ, ತೂಗುಮಂಚಗಳ ಬೆಲೆ ಕೇಳುವವರು ಬಂದು ಸೇರುವುದು ಈಗ ಸಾಮಾನ್ಯವಾಗಿದೆ. ಕೆಲವು ತಿಂಗಳುಗಳ ತರುವಾಯ ಅವೇ ಕಂಬಗಳು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಗೋವೆಯ ಕಡಲತಡಿಯ ವಿಲಾಸಗೃಹದಲ್ಲಿಯೋ ಗಾಜಿನ ಗೋಡೆಯ ಪಕ್ಕದಲ್ಲಿ ಮೆರುಗೆಣ್ಣೆ ಬಳಿಸಿಕೊಂಡು ನಿಂತಿರುವುವು. ಹಳತನ್ನೂ ಹೊಸತನ್ನೂ ಬೆಸೆದು ಮನೆಯ ಒಳಗನ್ನು ಅಣಿಗೊಳಿಸುವುದು ಇಂದಿನ ಸಿರಿವಂತರ ರುಚಿ. ಅದಕ್ಕೆಂದೇ ಶಿಕ್ಷಣ ಪಡೆದ ವಿನ್ಯಾಸಕಾರರೂ ಇದ್ದಾರೆ. ರುಚಿಯೇನೋ ನಿಂದ್ಯವಾದುದಲ್ಲ. ಆದರೆ ಈ ಬೆಸುಗೆಯು ನಮ್ಮ ಕಾಲದ ಹೊಸ ಉಪಾಯವೆಂದು ಭಾವಿಸುವುದು ಮಾತ್ರ ಸರಿಯಲ್ಲ. ಕರಾವಳಿಯ ಮನೆ ಎಂದೂ ಒಂದೇ ಕಾಲದ ಅಥವಾ ಒಂದೇ ದೇಶದ ವಸ್ತುಗಳಿಂದ ಆದುದಲ್ಲ. ಅರಬರ ಹಡಗು, ಪೋರ್ತುಗೀಜರ ಹಡಗು, ಮುಂಬಯಿಯ ಆಗಬೋಟು ಇವೆಲ್ಲ ತಂದಿಳಿಸಿದುದನ್ನು ಅದು ಒಂದರ ಮೇಲೊಂದರಂತೆ ಒಳಗೆ ಮಾಡಿಕೊಳ್ಳುತ್ತ ಬಂದಿದೆ. ಹಾಗಿರುವಲ್ಲಿ ಹಿಂದಿನ ಬೆಸುಗೆಗೂ ಈಗಿನ ಬೆಸುಗೆಗೂ ಇರುವ ಭೇದವೇನೆಂಬುದು ವಿಚಾರಾರ್ಹವಾಗಿದೆ.

ಮೊದಲು ನೆಲದ ಮಾತು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಭಾಗವು ನಾಲ್ಕೇ ತಿಂಗಳುಗಳಲ್ಲಿ ಬಂದು ಮುಗಿಯುವ ಈ ಪಟ್ಟಿಯಲ್ಲಿ ಮನೆಯೆಂದರೆ ಮೊದಲು ಮಾಡು, ಗೋಡೆ ಆಮೇಲಿನದು. ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ದೂರಕ್ಕೆ ಚಾಚಿದ ಸೂರು, ಪಂಚಾಂಗವೆಂದು ಜನರು ಕರೆಯುವ ಎತ್ತರದ ತಳಪಾಯ, ಸೂರಿನ ನೆರಳಿನಲ್ಲಿ ಉದ್ದಕ್ಕೂ ಜಗಲಿ, ಇವು ಬಡವನ ಮನೆಗೂ ಸಾಹುಕಾರನ ಮನೆಗೂ ಸಮಾನ. ಗೋಡೆಯ ಕಲ್ಲು ಕೆಂಪುಕಲ್ಲು. ೧೮೦೧ರಲ್ಲಿ ಈ ದಾರಿಯಾಗಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನನು ಇಂಥ ಕಲ್ಲಿಗೆ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಹೆಸರನ್ನು ಹಿಡಿದು, ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಕನ್ನಡಿಗರು ಅದನ್ನು ಜಂಬಿಟ್ಟಿಗೆಯೆಂದು ಕರೆಯುವುದುಂಟು. ಇಟ್ಟಿಗೆಯ ಉಪಮಾನ ಹೊಳೆಯುವುದಕ್ಕೆ ಲ್ಯಾಟಿನ್ ಓದಬೇಕಾಗಿರಲಿಲ್ಲ. ಈ ಕಲ್ಲು ನೆಲದೊಳಗಿರುವಾಗ ಮೆತ್ತಗಿದ್ದು ಕೊಡಲಿಗೆ ಬಗ್ಗುವುದು. ಗಾಳಿ ಬಿಸಿಲು ತಾಗಿದಷ್ಟೂ ಬಿರುಸಾಗುವುದು. ಆದರೆ ಮೈತುಂಬ ತೂತು. ನೀರನ್ನು ಹೀರುವುದೂ ಬಿಡುವುದೂ ಅದರ ಸ್ವಭಾವ. ಈ ಸ್ವಭಾವವನ್ನು ನೆನಪಿನಲ್ಲಿಡತಕ್ಕದ್ದು, ಮುಂದೆ ಇದರ ಪ್ರಸಕ್ತಿ ಬರುವುದು.

ಮನೆಯ ಅಂಗಗಳ ಹೆಸರುಗಳನ್ನು ಪರಿಶೀಲಿಸಿದರೆ ಅರ್ಧ ಇತಿಹಾಸವು ಅಲ್ಲಿಯೇ ದೊರೆಯುವುದು. ಅಂಗಳವು ಅಂಗಣ. ಚೌಕಿಮನೆಯ ಚೌಕವು ಚತುಷ್ಕ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಭೋಜನ ಸಮರಾಂಗಣಸೂತ್ರಧಾರದಲ್ಲಿಯೂ ಚತುಃಶಾಲವೆಂದು ಹೇಳಿರುವ, ನಡುವೆ ಆಕಾಶಕ್ಕೆ ತೆರೆದ ಅಂಗಣವುಳ್ಳ ಮನೆಯೇ ಅದು. ಮೊಗಸಾಲೆಯು ಮುಖಶಾಲೆ. ಚಂದ್ರಶಾಲೆಯ ಕಥೆ ಸ್ವಲ್ಪ ವಿನೋದದ್ದು: ಸಂಸ್ಕೃತ ಕೋಶಗಳಲ್ಲಿ ಅದು ಮಾಳಿಗೆಯ ಮೇಲಣ ಕೋಣೆ, ಶಿರೋಗೃಹ, ಕರಾವಳಿಯಲ್ಲಿ ಅದು ಮೇಲಿನಿಂದ ಇಳಿದು ಬಂದು ಅಂಗಳದಂಚಿನ ತೆರೆದ ಸಾಲೆಯಾಗಿ ನೆಲೆಸಿದೆ. ಇವು ಸಂಸ್ಕೃತದಿಂದ ಬಂದುವು. ದಿವಾನಖಾನೆ, ಕಮಾನು, ಗಚ್ಚು ಇವು ಪಾರಸಿಯಿಂದ ಬಂದುವು. ಕುರ್ಚಿ ಅರಬ್ಬಿಯದು. ಅಲಮಾರು ಮತ್ತು ಚಾವಿ ಪೋರ್ತುಗೀಜರವು. ವರಾಂಡವೂ ಪೋರ್ತುಗೀಜರ ಬಾಯಿಯಿಂದಲೇ ಇಂಗ್ಲಿಷರಿಗೆ ದೊರೆತು, ಇಂಗ್ಲಿಷರಿಂದ ಹೊಸ ಮಾತೆಂಬಂತೆ ನಮ್ಮ ಜಗಲಿಗೆ ಬಂದು ಕುಳಿತಿತು. ಕಲ್ಲು, ಮರ, ಒಲೆ, ಒರಳು, ಅಟ್ಟ, ಮಣೆಗಳು ಮಾತ್ರ ಅಚ್ಚಗನ್ನಡವಾಗಿಯೇ ಉಳಿದಿವೆ. ಎಂದರೆ ಅಡಿಗೆಮನೆಗೆ ಸಮೀಪಿಸಿದಷ್ಟೂ ಮಾತು ಹಳೆಯದು, ಬೀದಿಗೆ ಸಮೀಪಿಸಿದಷ್ಟೂ ಹೊರಗಿನದು. ವಸ್ತುಗಳ ವಿಷಯದಲ್ಲಿಯೂ ಇದೇ ಕ್ರಮವಿದ್ದುದನ್ನು ಮುಂದೆ ಕಾಣಬಹುದು.

ಹದಿನಾಲ್ಕನೆಯ ಶತಮಾನದ ಒಂದು ಊಟದ ಕೋಣೆಯ ವರ್ಣನೆಯು ದೈವವಶಾತ್ ಉಳಿದುಬಂದಿದೆ. ೧೩೪೦ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರೊಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು ಅಲ್ಲಿನ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಉಂಡನು. ಈತನೇ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಪಾಠಶಾಲೆಗಳಿದ್ದುವೆಂದು ಬರೆದಿರುವವನು. ಆ ಮಾತನ್ನು ಅನೇಕರು ಬಲ್ಲರು. ಊಟದ ಮಾತನ್ನು ಬಲ್ಲವರು ಕಡಮೆ. ಮೊದಲು ತಾಮ್ರದ ಪೀಠವೊಂದನ್ನು ತಂದಿಡುವರು. ಅದರ ಹೆಸರು ಪಾರಸಿ. ಅದರ ಮೇಲೆ ತಾಮ್ರದ ಹರಿವಾಣ. ಅದರ ಹೆಸರನ್ನು ಅವನು ತಾಲಮ್ ಎಂದು ಬರೆದಿರುವನು, ಎಂದರೆ ಈ ದೇಶದ ತಳಿಗೆ. ರೇಷ್ಮೆಯುಟ್ಟ ದಾಸಿಯೊಬ್ಬಳು ದೊಡ್ಡ ತಾಮ್ರದ ಸೌಟಿನಿಂದ ಅನ್ನವನ್ನು ಬಡಿಸಿ, ಮೇಲೆ ತುಪ್ಪವನ್ನೆರೆದು, ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಯನ್ನು ಪಕ್ಕದಲ್ಲಿಡುವಳು. ಪಾರಸಿಯ ಪೀಠ, ಕನ್ನಡ ಕರಾವಳಿಯ ತಳಿಗೆ ಮತ್ತು ಅನ್ನ, ಅರಬ್ಬಿಯಲ್ಲಿ ಮಾತು. ಇವುಗಳನ್ನು ಯಾರೂ ಕೂಡಿಸಬೇಕೆಂದು ಕೂಡಿಸಿದುದಲ್ಲ. ಬೇಕಾದುದು ಬಂದಿತು, ಬಂದುದು ನಿಂತಿತು.

ಭಟ್ಕಳದ ಮಾತೂ ಇದೇ. ೧೫೦೨ರಲ್ಲಿ ವಾಸ್ಕೋ ಡ ಗಾಮನು ತನ್ನ ಎರಡನೆಯ ಯಾನದಲ್ಲಿ ಈ ಬಂದರಿನ ಮೇಲೆ ಬಿದ್ದು ಕಪ್ಪವನ್ನು ಕಟ್ಟಿಸಿಕೊಂಡನು. ೧೫೧೬ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸನು, ಹೊರ್ಮುಜಿನಿಂದ ಕುದುರೆಗಳು ಇಲ್ಲಿಗೆ ಬರುತ್ತಿದ್ದುದನ್ನೂ ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹೋಗುತ್ತಿದ್ದುದನ್ನೂ ತಿಳಿಸಿರುವನು. ಆ ಸಿರಿಯ ಕಾಲದ ಮನೆಗಳು ಉಳಿದಿಲ್ಲ. ಆದರೆ ಮನೆಗಳು ಹೇಗಿದ್ದುವೆಂಬುದನ್ನು ದೇವಾಲಯಗಳು ತೋರಿಸುತ್ತವೆ. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿ ಮಾಡಿಗೆ ಹೊದಿಸಿರುವುದು ಇಳಿಜಾರಾದ ಕಲ್ಲುಚಪ್ಪಡಿಗಳು. ಚಪ್ಪಡಿಗಳ ಸಂದಿಗಳನ್ನು ಮುಚ್ಚುವುದಕ್ಕೆ ಕಲ್ಲಿನ ಪಟ್ಟಿಗಳು. ಗೋಡೆಯ ಬದಲು ಕಲ್ಲಿನ ಜಾಲಂದ್ರ. ಇವೆಲ್ಲ ಬಡಗಿಯ ಕೆಲಸವನ್ನು ಕಲ್ಲುಕುಟಿಗನು ನೋಡಿ ಮಾಡಿದವು. ೧೮೭೬ರಲ್ಲಿ ಭಾರತೀಯ ವಾಸ್ತುವಿನ ಇತಿಹಾಸವನ್ನು ಬರೆದ ಫರ್ಗುಸನನು ಮೂಡಬಿದರೆಯ ಬಸದಿಗಳನ್ನು ಕುರಿತು, ಇವು ಮರದ ಕಟ್ಟಡಗಳ ಅನುಕರಣವೆಂದು ಹೇಳಿ ದೂರದ ನೇಪಾಳವನ್ನು ಸ್ಮರಿಸಿದನು. ಅಷ್ಟು ದೂರ ಹೋಗಬೇಕಾಗಿರಲಿಲ್ಲವೆನ್ನಬಹುದು. ಮರದ ಮಾದರಿಯು ಬಸದಿಯ ಎದುರಿನ ಮನೆಯಲ್ಲಿಯೇ ಇದ್ದಿರಬೇಕು.

ಇನ್ನೊಬ್ಬ ಯಾತ್ರಿಕನನ್ನು ಬಿಡುವಂತಿಲ್ಲ. ೧೬೨೩ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯು ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯಿಂದ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನೇರಿ ವೆಂಕಟಪ್ಪನಾಯಕನ ಇಕ್ಕೇರಿಯನ್ನು ಮುಟ್ಟಿದನು. ಗೇರುಸೊಪ್ಪೆಯ ರಾಣಿಯ ಅರಮನೆಯು ಆಗಲೇ ಹಾಳುಬಿದ್ದು ಅದರ ಮೇಲೆ ಮರ ಬೆಳೆದಿದ್ದುದನ್ನು ಕಂಡನು. ಅರಮನೆಗಿಂತಲೂ ಅವನ ಕಣ್ಣನ್ನು ಸೆಳೆದುದು ಸಾಮಾನ್ಯ ಮನೆಗಳ ನೆಲ. ಸಗಣಿಯನ್ನು ನೀರಿನಲ್ಲಿ ಕದಡಿ, ತೆಳ್ಳಗೆ ಸಾರಿಸಿ, ಒಣಗಿದ ಮೇಲೆ ನುಣ್ಣಗೆ ಹೊಳೆಯುವ ಆ ನೆಲವನ್ನು ಮೊದಲು ಅವನು ಮತಾಚಾರವೆಂದು ಬಗೆದಿದ್ದನು. ಗೋವೆಯ ಪೋರ್ತುಗೀಜರ ಮನೆಗಳಲ್ಲಿಯೂ ಅದೇ ಇರುವುದನ್ನು ತಿಳಿದು, ಇದು ಚೊಕ್ಕಟಕ್ಕೂ ಅಂದಕ್ಕೂ ಮಾಡುವುದೆಂದು ಒಪ್ಪಿಕೊಂಡು, ತನ್ನ ದೇಶಕ್ಕೆ ಮರಳಿದ ಮೇಲೆ ಅಲ್ಲಿಯೂ ಮಾಡಿ ನೋಡಬೇಕೆಂದು ಬರೆದನು. ರೋಮ್ ನಗರದ ಕುಲೀನನೊಬ್ಬನು ಅಮೃತಶಿಲೆಯ ನೆಲದ ನಾಡಿನಲ್ಲಿ ಸಗಣಿಯ ನೆಲವನ್ನು ಬಯಸಿದುದು ಗೃಹಾಲಂಕಾರದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಈಗ ಇಲ್ಲಿಯ ಮನೆಗಳಿಗೆ ಇಟಲಿಯ ಅಮೃತಶಿಲೆ ಬರುತ್ತಿದೆ.

ನೆಲದಿಂದ ಗೋಡೆಗೆ ಬಂದರೆ, ಈ ಕರಾವಳಿಗೆ ವಿಶಿಷ್ಟವಾದ ಒಂದು ಕಲೆಯ ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಅದು ಕಾವಿ ಕಲೆ. ಗೋವೆಯಿಂದ ತೊಡಗಿ ಅಂಕೋಲೆ, ಗೋಕರ್ಣ, ಕುಮಟೆ, ಹೊನ್ನಾವರ, ಭಟ್ಕಳಗಳವರೆಗೆ ದೇವಾಲಯಗಳ ಹೊರಗೋಡೆಗಳಲ್ಲಿಯೂ ಉಳ್ಳವರ ಮನೆಗಳ ಮೊಗಸಾಲೆಗಳಲ್ಲಿಯೂ ಬಿಳಿಯ ನೆಲದ ಮೇಲೆ ಕೆಂಪು ಬಣ್ಣದ ಬಳ್ಳಿ, ಹೂವು, ಗಂಡಭೇರುಂಡ, ಗಜಲಕ್ಷ್ಮಿ, ರಾಮಾಯಣದ ಪ್ರಸಂಗಗಳು ಕಾಣಬರುತ್ತಿದ್ದುವು. ದೂರದಿಂದ ನೋಡುವವನಿಗೆ ಇದು ಕುಂಚದಿಂದ ಬರೆದ ಚಿತ್ರದಂತೆ ತೋರುವುದು, ಹಾಗಲ್ಲ. ಕಡಲಚಿಪ್ಪುಗಳನ್ನು ಸುಟ್ಟು ಮಾಡಿದ ಸುಣ್ಣವನ್ನು ತೊಳೆದ ಹೊಳೆಮರಳು ಮತ್ತು ಬೆಲ್ಲದ ನೀರಿನೊಡನೆ ಕಲಸಿ ಹದಿನೈದು ದಿನ ಕೊಳೆಹಾಕಬೇಕು. ಆಮೇಲೆ ಅದನ್ನು ಕುಟ್ಟಿ ಕುಟ್ಟಿ ಬೆಣ್ಣೆಯಂತೆ ಮಾಡಬೇಕು. ಅದರಿಂದ ಗೋಡೆಯನ್ನು ಗಿಲಾಯಿಸಿ, ಅದಿನ್ನೂ ಹಸಿಯಾಗಿರುವಾಗಲೇ ಕೆಮ್ಮಣ್ಣಿನ ಕಾವಿಯನ್ನು ಸುಣ್ಣದೊಡನೆ ಅರೆದು ತೆಳ್ಳನೆಯ ಪದರವಾಗಿ ಮೇಲೆ ಕೂಡಿಸಬೇಕು. ಬಳಿಕ ಉಕ್ಕಿನ ಕಂಟದಿಂದ ಗೆರೆ ಕೊರೆದು, ಬೇಡವಾದೆಡೆಯಲ್ಲಿ ಕೆಂಪನ್ನು ಹೆರೆದು ತೆಗೆದರೆ ಕೆಳಗಿನ ಬಿಳುಪು ಹೊರಬೀಳುವುದು. ತೆಗೆದುದರಿಂದಲೇ ಚಿತ್ರ. ವೃತ್ತಗಳನ್ನು ಕೈವಾರದಿಂದ ಎಳೆಯುವರು. ಗೋಡೆ ಒಣಗದಂತೆ ನೀರು ಚಿಮುಕಿಸುತ್ತ, ಕಡೆಯಲ್ಲಿ ನುಣುಪಾದ ಕಲ್ಲಿನಿಂದ ಉಜ್ಜಿ ಮೆರುಗು ಕೊಡುವರು. ಬಣ್ಣವು ಗೋಡೆಯ ಮೇಲೆ ಇರುವುದಲ್ಲ, ಗೋಡೆಯೇ ಆಗಿರುವುದು. ಆದುದರಿಂದ ನೂರು ಮಳೆಗಾಲಗಳಿಗೂ ಅದು ಅಳಿಯದು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (೧೯೩೪–೨೦೦೨) ಊರೂರು ತಿರುಗಿ ಈ ಕಲೆಯ ಚಿತ್ರಗಳನ್ನು ತೆಗೆದು ಬರೆದಿಡದಿದ್ದರೆ ಅನೇಕ ಗೋಡೆಗಳ ಸ್ಮರಣೆಯೂ ಉಳಿಯುತ್ತಿರಲಿಲ್ಲ. ಅವರು ನೋಡಿದ ಗೋಡೆಗಳನ್ನು ಬೀಳಿಸಿದುದು ಮಳೆಯಲ್ಲ, ಜೀರ್ಣೋದ್ಧಾರವೆಂಬ ಪುಣ್ಯಕಾರ್ಯವು. ಸುಣ್ಣದ ಗೋಡೆಯನ್ನು ಕೆಡಹಿ ಸಿಮೆಂಟಿನದನ್ನು ಕಟ್ಟಿಸುವುದು, ಇಲ್ಲವೆ ಕಾವಿಯ ಮೇಲೆಯೇ ಎಣ್ಣೆಬಣ್ಣವನ್ನು ಬಳಿಸುವುದು, ಭಕ್ತಿಯ ಲಕ್ಷಣವೆಂದು ತಿಳಿಯಲ್ಪಟ್ಟಿತು.

ಕಾವಿಯು ಉಳ್ಳವರ ಗೋಡೆಯ ಸಿಂಗಾರವಾದರೆ, ಹೊನ್ನಾವರದಿಂದ ಘಟ್ಟದ ಮೇಲಣ ಸಿದ್ದಾಪುರ ಸಾಗರಗಳವರೆಗಿನ ದೀವರ ಮನೆಗಳಲ್ಲಿ ಹಸೆ ಚಿತ್ತಾರವಿತ್ತು; ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಮದುವೆಯ ಚಿತ್ರ. ಮರಗೆಲಸದಲ್ಲಿ ಗುಡಿಗಾರರು ಪ್ರಸಿದ್ಧರು. ಅವರ ಗಂಧದ ಕೆತ್ತನೆಯ ಪೆಟ್ಟಿಗೆಗಳು ಸಾಹೇಬರ ಮೇಜುಗಳಿಗೆ ಹೋದುವು. ಊರಿನವರ ಪಾಲಿಗೆ ಅವರು ಬೆಂಡಿನ ಬಾಸಿಂಗ ಮಾಡುವವರಾಗಿಯೇ ಉಳಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಯ ಒಳಗು ಬಹು ಬೇಗ ಬದಲಾಯಿತು. ಇದಕ್ಕೆ ಕಾರಣಗಳು ಮೂರು ನಾಲ್ಕು ಒಟ್ಟಿಗೆ ಕೂಡಿಬಂದುವು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತು. ೧೯೫೬ರ ವರೆಗೆ ಅಲ್ಲಿಯೇ ಇದ್ದಿತು. ಅದೇ ಕಾಲಕ್ಕೆ, ೧೮೬೧ರಿಂದ ೧೮೬೫ರ ವರೆಗೆ, ಅಮೇರಿಕೆಯಲ್ಲಿ ಒಳಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುದರಿಂದ, ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರಿತು. ಬೆಳೆದ ನೆಲ ಒಂದು, ಹೆಸರು ಇನ್ನೊಂದರದು. ಲಿವರ್ಪೂಲಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯೆಂದೇ ಹೆಸರಾಯಿತು. ಹೀಗೆ ಬಂದ ಹಣವು ಮನೆಗಳ ಮೇಲೆ ಮಾಳಿಗೆಯನ್ನು ಏರಿಸಿತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ಸ್ಥಾಪಿಸಿದನು. ಹುಲ್ಲು ಸೋಗೆಗಳೂ ನಾಡಹಂಚೂ ಹೋಗಿ ಒಂದೇ ಅಳತೆಯ ಕೆಂಪು ಹಂಚು ಬಂದಿತು. ವಾಚಕರಿಗೆ ಇದು ಮಾಡಿನ ಮಾತೆಂದು ತೋರಬಹುದು. ಆದರೆ ಒಳಗೂ ಇದರಿಂದಲೇ ಬದಲಾಯಿತು. ಅಳತೆ ತಪ್ಪದ ಹಂಚಿಗೆ ಅಳತೆ ತಪ್ಪದ ಪಕ್ಕಾಸು ರೀಪುಗಳು ಬೇಕಾದುವು. ಬೆಂಕಿಯ ಭಯ ಕಡಮೆಯಾಗಿ ಮಾಳಿಗೆಯಲ್ಲಿ ದೀಪವಿಟ್ಟು ಮಲಗುವುದು ಸಾಧ್ಯವಾಯಿತು. ಹಂಚುಗಳ ನಡುವೆ ಗಾಜಿನ ಹಂಚೊಂದನ್ನು ಕೂಡಿಸಿ, ಹಿಂದೆ ಹಗಲಿನಲ್ಲಿಯೂ ಕತ್ತಲಾಗಿದ್ದ ನಡುಮನೆಗೆ ಬೆಳಕನ್ನು ಬಿಡುವುದು ಸಾಧ್ಯವಾಯಿತು.

ಮುಂಬಯಿಯ ಆಗಬೋಟು ಮಳೆಗಾಲವಲ್ಲದ ತಿಂಗಳುಗಳಲ್ಲಿ ಈ ಬಂದರುಗಳಲ್ಲಿ ನಿಲ್ಲುತ್ತಿತ್ತು. ಅದರಿಂದ ಇಳಿದ ಪದಾರ್ಥಗಳ ಪಟ್ಟಿಯೇ ಆ ಕಾಲದ ದಿವಾನಖಾನೆಯ ವರ್ಣನೆ: ಬಣ್ಣದ ಗಾಜಿನ ಹಂಡಿಗಳು, ತೂಗುದೀಪ, ನಿಲುಗನ್ನಡಿ, ಗೋಡೆಗಡಿಯಾರ, ಬೆತ್ತದ ಹೆಣಿಗೆಯ ಕುರ್ಚಿ, ವಿಲಾಯತಿ ಪಿಂಗಾಣಿ. ೧೮೯೪ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಅವನ ಸರಸ್ವತಿ ಲಕ್ಷ್ಮಿಯರು ಕಟ್ಟುಹಾಕಿಸಿಕೊಂಡು ಬಂದು ಕಾವಿಯ ಗಜಲಕ್ಷ್ಮಿಯ ಪಕ್ಕದಲ್ಲಿ ತೂಗಿದರು. ೧೯೨೨ರಲ್ಲಿ ಮುಂಬಯಿಯಲ್ಲಿ ಭಾರತ್ ಎಂಬ ಹೆಸರಿನ ಸ್ವದೇಶಿ ಕಾರಖಾನೆಯು ಸಿಮೆಂಟಿನ ಚಿತ್ತಾರದ ಬಿಲ್ಲೆಗಳನ್ನು ಮಾಡತೊಡಗಿತು. ಅದಕ್ಕೆ ಮೊದಲು ಅಂಥ ಬಿಲ್ಲೆ ಬೇಕೆಂದವರು ಇಂಗ್ಲೆಂಡಿನಿಂದ ತರಿಸಬೇಕಾಗಿದ್ದಿತು. ಸಿಮೆಂಟಿಗೆ ಕೆಂಪು ಆಕ್ಸೈಡನ್ನು ಬೆರೆಸಿ ನುಣ್ಣಗೆ ತೀಡಿದ ನೆಲವು ಅದೇ ಕಾಲದ್ದು. ಇಂದು ಅದನ್ನು ಪುರಾತನವೆಂದು ಭಾವಿಸಿ ಹೊಸ ಮನೆಗಳಲ್ಲಿ ಮಾಡಿಸುವವರಿದ್ದಾರೆ. ವಾಸ್ತವದಲ್ಲಿ ಅದು ತನ್ನ ಕಾಲಕ್ಕೆ ಸಗಣಿಯ ನೆಲವನ್ನು ಹೊರಗಟ್ಟಿದ ನವನಾಗರಿಕತೆ.

ಈ ಎಲ್ಲ ಹೊಸತೂ ಜಗಲಿಯಲ್ಲಿಯೂ ದಿವಾನಖಾನೆಯಲ್ಲಿಯೂ ನಿಂತುಬಿಟ್ಟಿತೆಂಬುದನ್ನು ಮರೆಯಬಾರದು. ಬಂದವರು ನೋಡುವೆಡೆಯಲ್ಲಿ ಬೆಲ್ಜಿಯಮಿನ ಕನ್ನಡಿ. ಅಡಿಗೆಮನೆಯಲ್ಲಿ ಅದೇ ಹೊಗೆ. ಹಳೆಯ ಮನೆಗಳನ್ನು ಕೊಂಡಾಡುವವರು ಅಡಿಗೆಮನೆಯನ್ನು ಸಾಮಾನ್ಯವಾಗಿ ಹೊಕ್ಕುನೋಡುವುದಿಲ್ಲ. ಕಿಟಕಿಯೆಂಬುದು ಗೇಣಗಲದ್ದು, ಹಸಿ ಸೌದೆಯ ಹೊಗೆ ಅಟ್ಟವನ್ನು ಹತ್ತಿ ಹಂಚಿನ ಸಂದಿಯಿಂದ ಹೊರಹೋಗುವಷ್ಟರಲ್ಲಿ ಕಣ್ಣುಗಳು ಕೆಂಪಾಗುತ್ತಿದ್ದುವು. ಆ ಹೊಗೆಯಿಂದ ಅಟ್ಟದ ಮರಕ್ಕೆ ಹುಳು ಹಿಡಿಯಲಿಲ್ಲ, ನಿಜ. ಮರಕ್ಕೆ ಒಳಿತಾದುದು ಹೆಂಗಸರ ಕಣ್ಣಿಗೆ ಕೇಡಾಯಿತು. ವಿಧವೆಯರಿಗೆ ಒಳಗಿನ ಕತ್ತಲೆಯ ಕೋಣೆ, ಮುಟ್ಟಾದವರಿಗೆ ಹಿತ್ತಿಲ ಕಡೆಯ ಮೂಲೆ. ಒಕ್ಕಲು ಅಂಗಳದಲ್ಲಿ ನಿಲ್ಲತಕ್ಕವನು. ಸಮಾನಸ್ಕಂಧನು ಜಗಲಿಯಲ್ಲಿ ಕುಳ್ಳಿರತಕ್ಕವನು. ಒಳಬಾಗಿಲು ನೆಂಟರಿಗೆ ಮಾತ್ರ. ಇಂದು ಬೆಲೆಕಟ್ಟಿ ಕೊಳ್ಳುವ ಆ ಕೆತ್ತನೆಯ ಕಂಬವು ಬರಿಯ ಸೊಬಗಿಗಾಗಿ ನಿಂತುದಲ್ಲ. ಯಾರು ಎಲ್ಲಿಯವರೆಗೆ ಬರಬಹುದೆಂಬ ಎಲ್ಲೆಯನ್ನು ತೋರಿಸುವ ಕಲ್ಲೂ ಅದಾಗಿದ್ದಿತು. ಅದು ತನ್ನ ಎಲ್ಲೆಯನ್ನು ಕಳೆದುಕೊಂಡು ಹೊಸ ಮನೆಯಲ್ಲಿ ಯಾರು ಬೇಕಾದರೂ ಒರಗಬಹುದಾದ ಕಂಬವಾದುದರಲ್ಲಿ ವ್ಯಸನಪಡತಕ್ಕದ್ದೇನೂ ಇಲ್ಲ.

ದೊಡ್ಡ ಮನೆಗಳ ಕಾಲವು ಒಂದೇ ಏಟಿಗೆ ಮುಗಿಯಲಿಲ್ಲ. ೧೮೮೦ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮಾರ್ಮಗೋವೆಗೆ ರೈಲುದಾರಿ ಆದುದರಿಂದ ಕುಮಟೆಯ ಹತ್ತಿ ವ್ಯಾಪಾರವು ಕುಗ್ಗಿತು. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದು ಉಳುವವನಿಗೆ ಭೂಮಿ ದೊರೆಯಿತು, ಅದು ನ್ಯಾಯವೇ. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳಿಗೆ ಮಾತ್ರ ವರ್ಷವರ್ಷವೂ ಹಂಚು ತಿರುವಿಸುವ ಕೂಲಿಗೂ ಕೈ ಸಾಲದಾಯಿತು. ಮಕ್ಕಳು ಮುಂಬಯಿಗೆ ಹೋದರು. ಪಾಲಾದಾಗ ಚೌಕಿಮನೆಯ ಒಂದೊಂದು ಸಾಲೆಯು ಒಬ್ಬೊಬ್ಬನಿಗೆ ಬಂದಿತು. ನಾಲ್ಕನೆಯ ಒಂದಂಶದ ಅಂಗಳವನ್ನು ಇಟ್ಟುಕೊಂಡು ಯಾರೂ ಏನನ್ನೂ ಮಾಡಲಾರರು. ಅದೇ ದಶಕದಲ್ಲಿ, ೧೯೭೩ರ ತರುವಾಯ ಎಣ್ಣೆಯ ಬೆಲೆ ಏರಿದಂತೆ, ಭಟ್ಕಳ ಮುರ್ಡೇಶ್ವರಗಳ ನವಾಯತ ಕುಟುಂಬಗಳ ಅನೇಕರು ಅರಬ ದೇಶಗಳಿಗೆ ದುಡಿಯಹೋದರು. ಅವರ ಪೂರ್ವಜರು ಆ ಕಡೆಯಿಂದ ಈ ಕಡ���ೆ ವ್ಯಾಪಾರಕ್ಕಾಗಿ ಬಂದವರೆಂಬುದು ಅವರಲ್ಲಿ ಪರಂಪರೆಯ ಮಾತು. ಹಣವು ಈಗ ಅದೇ ದಾರಿಯಲ್ಲಿ ಮರಳಿ ಬಂದಿತು. ಅದರಿಂದ ಕಾಂಕ್ರೀಟಿನ ಎತ್ತರದ ಮನೆಗಳೆದ್ದುವು, ಕಮಾನುಗಳೂ ಗೋಳಾಕಾರದ ಕಂಬಗಳೂ ದುಬಾಯಿಯ ತೂಗುದೀಪಗಳೂ ಬಂದುವು. ೧೯೯೮ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಯಿತು. ಆ ಬಳಿಕ ಹೆದ್ದಾರಿಯನ್ನು ಅಗಲಿಸುವಾಗ ದಾರಿಯಂಚಿನ ಮನೆಗಳು ಎಷ್ಟೋ ಹೋದುವು.

ಮುರ್ಡೇಶ್ವರದಲ್ಲಿಯೇ ಈ ಕಾಲದ ಬೆಸುಗೆಯ ದೊಡ್ಡ ನಿದರ್ಶನವು ಕಣ್ಣೆದುರು ನಿಂತಿದೆ. ಮೃಡನೆಂಬ ಶಿವನ ಹೆಸರಿನಿಂದ ಊರಿಗೆ ಹೆಸರು ಬಂದಿತೆಂದು ಬಲ್ಲವರು ಹೇಳುವರು. ಗೋಕರ್ಣದ ಆತ್ಮಲಿಂಗದ ಕಥೆಯು ಎಲ್ಲರಿಗೂ ತಿಳಿದುದೇ. ಆರ್. ಎನ್. ಶೆಟ್ಟರು ಕಟ್ಟಿಸಿದ ರಾಜಗೋಪುರವು ೨೦೦೮ರಲ್ಲಿ ಲೋಕಾರ್ಪಣವಾಯಿತು. ಇಪ್ಪತ್ತು ಅಂತಸ್ತುಗಳ ಈ ಗೋಪುರದ ರೂಪವು ಘಟ್ಟದಾಚೆಯ ದ್ರಾವಿಡ ಶೈಲಿಯದು, ದೇಹವು ಕಾಂಕ್ರೀಟಿನದು, ಒಳಗೆ ಲಿಫ್ಟು ಇದೆ, ಅದನ್ನೇರಿ ಜನರು ಮೇಲಿನಿಂದ ಸಮುದ್ರವನ್ನೂ ೧೨೩ ಅಡಿಯ ಶಿವಮೂರ್ತಿಯನ್ನೂ ನೋಡುವರು. ಕರಾವಳಿಯ ದೇವಾಲಯಗಳಿಗೆ ಇಂಥ ಗೋಪುರವಿರಲಿಲ್ಲ. ಅವು ಮನೆಗಳಂತೆಯೇ ಇಳಿಮಾಡಿನವು. ಶಾಸ್ತ್ರಜ್ಞರು ಇದಕ್ಕೆ ಆಕ್ಷೇಪ ಹೇಳಬಹುದು. ಆದರೆ ಇಲ್ಲಿ ಕಪಟವಿಲ್ಲ. ಲಿಫ್ಟು ಲಿಫ್ಟಾಗಿಯೇ ಇದೆ, ಮುದುಕರೂ ಮಕ್ಕಳೂ ಅದರಿಂದ ಮೇಲಕ್ಕೆ ಹೋಗುವರು. ಯಾವ ಹಳೆಯ ಗೋಪುರವನ್ನೂ ಕೆಡಹಿ ಇದನ್ನು ಸಿಂಗರಿಸಿಲ್ಲ. ಮೈಸೂರಿನ ಅರಮನೆಯೂ ಈ ಜಾತಿಯದೇ. ೧೮೯೭ರಲ್ಲಿ ಮರದ ಹಳೆಯ ಅರಮನೆಯು ರಾಜಕುಮಾರಿಯ ಮದುವೆಯ ಕಾಲದಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನನ ಯೋಜನೆಯಂತೆ ೧೯೧೨ರಲ್ಲಿ ಮುಗಿದ ಹೊಸ ಅರಮನೆಯ ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋ ನಗರದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳಿವೆ. ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ಆ ಕಬ್ಬಿಣದ ಕಂಬಗಳನ್ನು ಕಂಡು ಇದು ಮೈಸೂರಲ್ಲವೆಂದು ಯಾರೂ ಹೇಳಿಲ್ಲ.

ಕೆಡಕು ಇರುವುದು ಬೇರೆಡೆಯಲ್ಲಿ. ಮೊದಲು ಹೇಳಿದ ಕೆಂಪುಕಲ್ಲಿನ ಸ್ವಭಾವವನ್ನು ಇಲ್ಲಿ ಸ್ಮರಿಸಬೇಕು. ಸುಣ್ಣದ ಗಿಲಾಯಿ ಇದ್ದಾಗ, ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಸುಗ್ಗಿಯ ಬಿಸಿಲಿಗೆ ಅದೇ ಗಿಲಾಯಿಯ ಮೂಲಕ ಹೊರಬೀಳುತ್ತಿತ್ತು. ಸಿಮೆಂಟಿನ ಗಿಲಾಯಿಯು ಬಿಗಿಯಾದುದು. ಅದು ಬಿರಿದ ಸಂದಿಯಿಂದ ನೀರನ್ನು ಒಳಗೆ ಬಿಡುವುದು, ಹೊರಗೆ ಬಿಡದು; ಆ ನೀರು ಉಪ್ಪನ್ನು ಹೊತ್ತುಕೊಂಡು ಗೋಡೆಯಲ್ಲಿಯೇ ಕುಳಿತು, ಬಿಳಿಯ ಹೂವಾಗಿ ಅರಳಿ, ಬಣ್ಣವನ್ನು ಹಪ್ಪಳದಂತೆ ಎಬ್ಬಿಸುವುದು. ಅಂದಕ್ಕಾಗಿ ಹಂಚಿನ ಮಾಡಿನ ಕೆಳಗೆ ಪ್ಲಾಸ್ಟರಿನ ಹುಸಿಮುಚ್ಚಿಗೆಯನ್ನು ಕೂಡಿಸಿದರೆ, ಮೇಲೆ ಗಾಳಿಯಾಡದೆ ಮರವು ಬೆವರಿ ಗೆದ್ದಲಿಗೆ ಎಡೆಯಾಗುವುದು. ಹಂಚು ಎಲ್ಲಿ ಸೋರುತ್ತಿದೆಯೆಂಬುದೂ ಮುಚ್ಚಿಗೆ ಬೀಳುವವರೆಗೆ ತಿಳಿಯದು. ಕನ್ನಡಿಯಂತಹ ಬಿಲ್ಲೆಗಳ ನೆಲವು ಆಷಾಢದಲ್ಲಿ ಒದ್ದೆಯಾಗಿ ಮುದುಕರನ್ನು ಜಾರಿಸುವುದು. ಕಾಂಕ್ರೀಟಿನೊಳಗಣ ಕಬ್ಬಿಣವೂ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುವುದು. ಹೀಗೆ ಕೆಟ್ಟ ಗೋಡೆಗಳನ್ನು ಮುಚ್ಚುವುದಕ್ಕಾಗಿ ಮರದ ಹಲಗೆಗಳನ್ನು ಹೊದಿಸಿ, ಆ ಹಲಗೆಯ ಮುಂದೆ ಹಳೆಯ ಕಂಬವನ್ನು ನಿಲ್ಲಿಸಿ, ಕಂಬಕ್ಕೆ ದೀಪದ ಬೆಳಕನ್ನು ಬಿಡುವರು. ಕಂಬವು ಏನನ್ನೂ ಹೊತ್ತಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಮಣಿಪಾಲದ ವಿಜಯನಾಥ ಶೆಣೈ (೧೯೩೪–೨೦೧೭) ಎಂಬವರ ಉದ್ಯಮವನ್ನು ಹೇಳಬೇಕು. ಅವರು ಶ್ರೀಮಂತರಲ್ಲ, ಬ್ಯಾಂಕಿನ ನೌಕರರು. ಮನೆಗಳನ್ನು ಕೆಡಹಿ ಮರವನ್ನು ಸೌದೆಯ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವರು ಬಾಗಿಲು, ಕಂಬ, ಮುಚ್ಚಿಗೆಗಳನ್ನು ಕೂಡಿಹಾಕಿ ಅವುಗಳಿಂದಲೇ ಹಸ್ತಶಿಲ್ಪವೆಂಬ ತಮ್ಮ ಮನೆಯನ್ನು ಕಟ್ಟಿಕೊಂಡರು. ಅದು ವಾಸದ ಮನೆ. ಅಲ್ಲಿ ಹಳೆಯ ಕಂಬವು ಮಾಡನ್ನು ಹೊತ್ತಿದ್ದಿತು, ಹಳೆಯ ಬಾಗಿಲು ನಿತ್ಯವೂ ತೆರೆದು ಮುಚ್ಚುತ್ತಿದ್ದಿತು. ನೋಡಬಂದವರ ಗದ್ದಲದಿಂದ ಮನೆಯವರೇ ಅದನ್ನು ಬಿಟ್ಟುಹೋಗಬೇಕಾಯಿತು. ಮುಂದೆ ಅವರು ಇಡಿಯ ಮನೆಗಳನ್ನೇ, ಒಂದೊಂದು ತೊಲೆಗೂ ಗುರುತು ಹಾಕಿ ಬಿಚ್ಚಿ ತಂದು, ಮಣಿಪಾಲದಲ್ಲಿ ಸುಮಾರು ಆರು ಎಕರೆ ನೆಲದಲ್ಲಿ ಮರಳಿ ಕಟ್ಟಿಸಿದರು. ಕುಂದಾಪುರದ ಕಡೆಯ ಚೌಕಿಮನೆ, ಹುಬ್ಬಳ್ಳಿಯ ಜಂಗಮಮಠ, ಮುಧೋಳದ ದರ್ಬಾರು ಸಾಲೆ, ಭಟ್ಕಳದ ನವಾಯತರ ಮನೆ, ಎಲ್ಲವೂ ತಮ್ಮ ಊರಿನ ಹೆಸರನ್ನು ಇಟ್ಟುಕೊಂಡೇ ಅಲ್ಲಿ ನಿಂತಿವೆ. ಸಿಂಹಳದಲ್ಲಿಯೂ ಇಂಥದೊಂದು ನಡೆದಿದೆ: ಜೆಫ್ರಿ ಬಾವನು ೧೯೬೦ರ ದಶಕದ ಆದಿಯಲ್ಲಿ ಕೊಲಂಬೊ ನಗರದಲ್ಲಿ ಎನಾ ಡಿ ಸಿಲ್ವಾ ಎಂಬ ಮಹಿಳೆಗಾಗಿ, ಹಳೆಯ ಸಿಂಹಳ ಮನೆಯ ಅಂಗಳವನ್ನೂ ಹಂಚಿನ ಮಾಡನ್ನೂ ಹೊಸ ಬಾಳಿಗೆ ಒಪ್ಪುವಂತೆ ಕೂಡಿಸಿ ಕಟ್ಟಿದ ಮನೆಯನ್ನು, ೨೦೦೯ರಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಲುಣುಗಂಗದ ತೋಟಕ್ಕೆ ಒಯ್ದು ಕಟ್ಟಿದರು.

ಹಾಗೆ ಒಯ್ಯುವುದೂ ಪೂರ್ಣವಾದ ರಕ್ಷಣೆಯಲ್ಲ. ಮನೆಗೆ ಬಾವಿಯಿತ್ತು, ನೆರೆಯಿತ್ತು, ಅವು ಬರಲಿಲ್ಲ. ಭಟ್ಕಳದ ಹುಡುಗನು ತನ್ನ ಊರಿನ ಹಳೆಯ ಮನೆಯನ್ನು ನೋಡುವುದಕ್ಕೆ ಮಣಿಪಾಲದ ಚೀಟಿ ಕೊಳ್ಳಬೇಕಾಗಿದೆ. ಆದರೂ ಕಂಬವೊಂದನ್ನೇ ಕಿತ್ತು ಹೆಸರಿಲ್ಲದಂತೆ ಮಾರುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೂ ಮೇಲಾದುದು, ಮನೆಯನ್ನು ಇದ್ದಲ್ಲಿಯೇ ಇರಿಸಿ ಅದರ ಅಡಿಗೆಮನೆಯನ್ನೂ ಬಚ್ಚಲನ್ನೂ ಹೊಸದಾಗಿ ಮಾಡುವುದು. ಈ ತಾಲೂಕುಗಳಲ್ಲಿ ಅಂಥ ಮನೆಗಳು ಅಲ್ಲಲ್ಲಿ ಇವೆ. ಅವು ಪತ್ರಿಕೆಗಳ ಚಿತ್ರಗಳಲ್ಲಿ ಬರುವಷ್ಟು ಚೆಲುವಲ್ಲ. ನಿಂತು ಅಡಿಗೆ ಮಾಡುವ ಕಟ್ಟೆ, ಎದುರಿಗೆ ಅಗಲವಾದ ಕಿಟಕಿ, ನಾಲ್ಕು ಗಾಜಿನ ಹಂಚು, ಒಳಗೇ ಶೌಚಗೃಹ, ಹಿರಿಯರಿಗೆಂದು ಮೆಟ್ಟಿಲಿನ ಪಕ್ಕದಲ್ಲಿ ಹಿಡಿಗೋಲು. ಮೊಗಸಾಲೆಯ ಕಂಬಗಳಿಗೆ ಮೊದಲಿನಂತೆಯೇ ಗೇರೆಣ್ಣೆ. ಹೆಂಗಸರ ಮಾತಿನಂತೆ ಮಾಡಿದ ಮನೆಗಳಲ್ಲಿ ಅಡಿಗೆಮನೆಯೇ ಮೊದಲು ಬದಲಾಗಿರುವುದನ್ನು ಗಮನಿಸಬಹುದು.

ಇದಕ್ಕೆ ಅಡ್ಡಿಯಾಗಿರುವುದು ಹಣಕ್ಕಿಂತ ಹೆಚ್ಚಾಗಿ ಕೈ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪು ಇಂದಿಗೂ ದೊರೆಯುವುದು. ಅದನ್ನು ಸುಟ್ಟು, ಅರಳಿಸಿ, ಹದಿನೈದು ದಿನ ಕೊಳೆಹಾಕಿ, ಕುಟ್ಟುವ ತಾಳ್ಮೆಯುಳ್ಳ ಗಾರೆಯವರು ಬೆರಳೆಣಿಕೆಯಷ್ಟು. ಕಾವಿಯನ್ನು ಹೆರೆಯಬಲ್ಲವರು ಅದಕ್ಕೂ ಕಡಮೆ. ಗೋವೆಯಲ್ಲಿ ಕೆಲವು ಯುವ ಕಲಾವಿದರು ಅದನ್ನು ಮತ್ತೆ ಕಲಿತು ಹಲಗೆಯ ಮೇಲೆ ಮಾಡಿ ಮಾರುತ್ತಿದ್ದಾರೆ. ಹಲಗೆಯ ಮೇಲಾದುದರಿಂದ ಅದನ್ನು ಎಲ್ಲಿಗೆ ಬೇಕಾದರೂ ಒಯ್ದು ತೂಗಹಾಕಬಹುದು. ಹಳೆಯ ಮನೆಯ ಕಾವಿಗೆ ಆ ಅನುಕೂಲವಿಲ್ಲ. ಕಂಬ ಬೋದಿಗೆಗಳನ್ನು ಲಾರಿಗೆ ಹೇರಿಯಾದ ಮೇಲೆ ಗೋಡೆಗೆ ಹಾರೆ ಬೀಳುವುದು. ಸುಣ್ಣವೂ ಕೆಮ್ಮಣ್ಣೂ ಕಲ್ಲಿನೊಡನೆ ಉದುರಿ, ಹೊಸ ಮನೆಯ ಪಂಚಾಂಗಕ್ಕೆ ತುಂಬುವ ಮಣ್ಣಾಗುವುವು.